1956 ಮತ್ತು ಕಂಬಂ ಕಣಿವೆಯ ಕನ್ನಡ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ 1956ನೆಯ ಇಸವಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಆ ವರ್ಷದ ನವೆಂಬರ್ 1ರಂದು ಒಂದಾಯಿತು. ಪ್ರತಿವರ್ಷ ಆ ದಿನ ನಾವು ಬಾವುಟ ಹಾರಿಸುತ್ತೇವೆ, ಏಕೀಕರಣದ ಹಿರಿಯರನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಒಂದು ಗೆರೆಯನ್ನು ಎಳೆದಾಗ ಅದರ ಒಳಗೆ ಬಂದವರ ಸಂತೋಷವನ್ನು ಮಾತ್ರ ಬರೆದರೆ ಅದು ಅರ್ಧ ಚರಿತ್ರೆ. ಹೊರಗೆ ಉಳಿದವರೆಂದರೆ ನಮಗೆ ಕಾಸರಗೋಡು ನೆನಪಾಗುತ್ತದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ನೆನಪಾಗುತ್ತವೆ. ಇವು ಗೆರೆಯ ಅಂಚಿನಲ್ಲಿರುವ ಊರುಗಳು. ಗೆರೆಯಿಂದ ಬಹು ದೂರದಲ್ಲಿ, ಯಾವ ಬೇಡಿಕೆಯ ಪಟ್ಟಿಯಲ್ಲಿಯೂ ಹೆಸರು ಬಾರದೆ ಉಳಿದ ಕನ್ನಡವೊಂದಿದೆ. ಈ ಲೇಖನ ಅದನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ತೇಕ್ಕಡಿಗೆ ಹೋಗುವ ದಾರಿಯಲ್ಲಿ ನಾನು ತಮಿಳುನಾಡಿನ ಕಂಬಂ ಪಟ್ಟಣದಲ್ಲಿ ಒಂದು ರಾತ್ರಿ ತಂಗಿದ್ದೆ. ಬೆಳಿಗ್ಗೆ ಚಹಾದಂಗಡಿಯ ಮುಂದೆ ನಿಂತಿದ್ದಾಗ ಪಕ್ಕದ ಮನೆಯ ಜಗುಲಿಯಲ್ಲಿ ವೃದ್ಧೆಯೊಬ್ಬರು ಮೊಮ್ಮಗನನ್ನು ಗದರಿಸುತ್ತಿದ್ದರು. ಮೊದಲು ತಮಿಳೆಂದೇ ಕೇಳಿಸಿತು. ಎರಡನೆಯ ವಾಕ್ಯಕ್ಕೆ ಕಿವಿ ನಿಮಿರಿತು. ಕ್ರಿಯಾಪದ ಕನ್ನಡದ್ದು, ರಾಗ ಮಾತ್ರ ತಮಿಳಿನದು. ಮೊಮ್ಮಗ ಅಜ್ಜಿಗೆ ತಮಿಳಿನಲ್ಲಿ ಉತ್ತರ ಕೊಟ್ಟ. ಅಂಗಡಿಯವರನ್ನು ವಿಚಾರಿಸಿದೆ. 'ಅದು ಅವರ ಮನೆಮಾತು, ಕನ್ನಡ ಎನ್ನುತ್ತಾರೆ' ಎಂದು ತಮಿಳಿನಲ್ಲಿ ಹೇಳಿ ಅವರು ಹಾಲು ಕಾಯಿಸುವ ಕೆಲಸಕ್ಕೆ ತಿರುಗಿದರು. ನಾನು ಅಜ್ಜಿಯನ್ನು ಕನ್ನಡದಲ್ಲಿ ಮಾತನಾಡಿಸಿದಾಗ ಅವರು ನನ್ನ ಮಾತನ್ನು ಕೇಳಿ ನಕ್ಕರು. ಅವರಿಗೆ ನನ್ನದೇ ವಿಚಿತ್ರ ಕನ್ನಡವಾಗಿ ಕೇಳಿಸಿರಬೇಕು. ಆ ನಗೆ ನನಗೆ ಪಾಠವಾಯಿತು.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಬೇಸಾಯಗಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಕಪ್ಪಿಲಿಯರೆಂದೂ ಒಕ್ಕಲಿಗರೆಂದೂ ಇವರನ್ನು ಕರೆಯುತ್ತಾರೆ. ದಿಂಡಿಗಲ್ ಮತ್ತು ಮಧುರೆಯ ಕಡೆ ಅನುಪ್ಪರೆಂಬ ಇನ್ನೊಂದು ಕನ್ನಡ ಬೇಸಾಯಗಾರ ಸಮುದಾಯವಿದೆ. ತಮಿಳುನಾಡಿನ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗು ಮನೆಮಾತಿನವರೂ ಇದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡದ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ಉತ್ತರದಿಂದ, ಕಾಳಗ-ಕೋಟಲೆಗಳಿಂದ ತಪ್ಪಿಸಿಕೊಂಡು ತೆಂಕಣಕ್ಕೆ ಬಂದವರು ತಾವೆಂಬ ಐತಿಹ್ಯ ಈ ಕಡೆಯ ಹಲವು ಸಮುದಾಯಗಳಲ್ಲಿದೆ. ಹೊಳೆ ದಾಟಲಾರದೆ ನಿಂತವರಿಗೆ ಹೊಂಗೆಯ ಮರ ಬಾಗಿ ಸೇತುವೆಯಾಯಿತೆಂದು ತೆಲುಗು ಮನೆಮಾತಿನ ತೊಟ್ಟಿಯರು ಹೇಳುತ್ತಾರೆ. ಇಂಥ ಕಥೆಯನ್ನು ಇಸವಿಗಳ ಪಟ್ಟಿಯಾಗಿ ಓದಬಾರದು, ಹಾಗೆಂದು ತಳ್ಳಿಹಾಕಲೂಬಾರದು. ತಮ್ಮ ಊರು ಬೇರೆಲ್ಲೋ ಇತ್ತೆಂಬ ನೆನಪನ್ನು ಜನ ಒಂದು ಮರದಲ್ಲಿ ಕಾಪಿಟ್ಟುಕೊಂಡ ರೀತಿ ಅದು.

ಕಂಬಂ ಪಟ್ಟಣದಲ್ಲಿ ನಂದಗೋಪಾಲನ ಹೆಸರಿನ ತಂಬಿರಾನ್ ದನದ ದೊಡ್ಡಿಯಿದೆ. ಒಕ್ಕಲಿಗ ಸಮುದಾಯದವರು ನಡೆಸಿಕೊಂಡು ಬಂದಿರುವ ಈ ದೊಡ್ಡಿಯಲ್ಲಿ ದನಗಳೇ ದೈವ. ಮಾಟ್ಟು ಪೊಂಗಲ್ ದಿನ ಸುತ್ತಲಿನ ಊರುಗಳ ಜನ, ತಮಿಳರು ಕನ್ನಡಿಗರೆನ್ನದೆ, ಇಲ್ಲಿಗೆ ಬಂದು ಪೂಜೆ ಸಲ್ಲಿಸುತ್ತಾರೆ. ಹಬ್ಬದ ಹೆಸರು ತಮಿಳಿನದು, ದೊಡ್ಡಿಯನ್ನು ಕಾಯ್ದುಕೊಂಡವರ ಮನೆಮಾತು ಕನ್ನಡ. ಹಲವು ಶತಮಾನಗಳ ಕೂಡುಬಾಳುವೆ ಎಂದರೆ ಇದು.

ಈ ಕಣಿವೆಗೆ 1956 ಹೇಗೆ ಬಂತು? ಅಂದು ಈ ಪ್ರದೇಶ ಮದರಾಸು ರಾಜ್ಯದ ಮಧುರೆ ಜಿಲ್ಲೆಗೆ ಸೇರಿತ್ತು. ದಿಂಡಿಗಲ್ ಪ್ರತ್ಯೇಕ ಜಿಲ್ಲೆಯಾದದ್ದು 1985ರಲ್ಲಿ, ತೇನಿ ಜಿಲ್ಲೆಯನ್ನು ರಚಿಸಿದ್ದು 1996ರಲ್ಲಿ. ಪೊಟ್ಟಿ ಶ್ರೀರಾಮುಲು ಅವರ ಉಪವಾಸದ ಸಾವು, 1953ರ ಅಕ್ಟೋಬರ್‌ನಲ್ಲಿ ಆಂಧ್ರದ ಉದಯ, ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ಆಯೋಗ, 1955ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ವರದಿ: ಈ ಸರಣಿಯನ್ನು ನೀವು ಓದಿದ್ದೀರಿ. ಕಣಿವೆಯ ಪಡುವಣ ಬೆಟ್ಟಗಳ ಮೇಲಿನ ದೇವಿಕುಳಂ ಮತ್ತು ಪೀರುಮೇಡುಗಳಿಗಾಗಿ ತಮಿಳರು ದೊಡ್ಡ ಚಳವಳಿ ನಡೆಸಿದರು. ಏಲಕ್ಕಿ ಮತ್ತು ಚಹಾ ತೋಟಗಳಲ್ಲಿ ತಮಿಳು ಕೂಲಿಗಳೇ ಹೆಚ್ಚಾಗಿದ್ದರೂ ಆ ತಾಲ್ಲೂಕುಗಳು ಕೇರಳದಲ್ಲಿಯೇ ಉಳಿದವು. ತಿರುವಾಂಕೂರಿನ ದಕ್ಷಿಣದ ತಮಿಳು ತಾಲ್ಲೂಕುಗಳು ಮದರಾಸಿಗೆ ಬಂದವು. ರಾಜ್ಯಕ್ಕೆ ತಮಿಳುನಾಡೆಂಬ ಹೆಸರನ್ನೂ ಒಳಗೊಂಡು ಹಲವು ಬೇಡಿಕೆಗಳನ್ನಿಟ್ಟು ವಿರುದುನಗರದಲ್ಲಿ ಉಪವಾಸ ಕುಳಿತ ಶಂಕರಲಿಂಗನಾರ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಒಂದು ಭಾಷೆಯ ಜನ ತಮ್ಮ ನಾಡಿಗಾಗಿ ಪ್ರಾಣ ಕೊಡುತ್ತಿದ್ದ ಕಾಲ ಅದು.

ಅದೇ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಕಾಸರಗೋಡನ್ನು ಬಿಟ್ಟು ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿತು. ಕಂಬಂ ಕಣಿವೆಯ ಕನ್ನಡದ ಮನೆಗಳನ್ನು ಯಾರೂ ಕೇಳಲಿಲ್ಲ, ಕೇಳುವುದು ಸಾಧ್ಯವೂ ಇರಲಿಲ್ಲ. ತಮಿಳು ಊರುಗಳ ನಡುವೆ ಹರಡಿಕೊಂಡ ಬೀದಿಗಳನ್ನು ಯಾವ ಆಯೋಗ ತಾನೆ ಕಿತ್ತು ಬೇರೆಡೆಗೆ ಜೋಡಿಸೀತು? ಇಲ್ಲಿ ಅನ್ಯಾಯ ನಡೆಯಿತೆಂದು ನಾನು ಹೇಳುತ್ತಿಲ್ಲ. ಭಾಷೆಯ ಆಧಾರದ ಮೇಲೆ ರಾಜ್ಯ ಎಂಬ ತತ್ತ್ವವು ಎಷ್ಟು ನ್ಯಾಯವಾಗಿ ಜಾರಿಯಾದರೂ ಅದರ ಕೈಗೆ ನಿಲುಕದ ಜನ ಇದ್ದೇ ಇರುತ್ತಾರೆಂಬುದಷ್ಟೇ ನನ್ನ ಮಾತು.

ಗೆರೆಗಳು ಬದುಕಿಗೆ ಹೊಂದುವುದಿಲ್ಲವೆಂಬುದಕ್ಕೆ ಈ ಕಣಿವೆಯ ನೀರೇ ಸಾಕ್ಷಿ. ತಿರುವಾಂಕೂರಿನ ಮಹಾರಾಜರೊಡನೆ 1886ರಲ್ಲಿ ಮಾಡಿಕೊಂಡ 999 ವರ್ಷಗಳ ಗುತ್ತಿಗೆಯ ಮೇಲೆ ಪೆನ್ನಿಕ್ವಿಕ್ ಎಂಬ ಇಂಜಿನಿಯರ್ ಮುಲ್ಲಪೆರಿಯಾರ್ ಅಣೆಕಟ್ಟನ್ನು ಕಟ್ಟಿ 1895ರಲ್ಲಿ ಮುಗಿಸಿದ. ಪಡುವಣಕ್ಕೆ ಹರಿಯುತ್ತಿದ್ದ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿತು, ಕಣಿವೆ ಹಸುರಾಯಿತು. 1956ರ ನಂತರ ಅಣೆಕಟ್ಟು ಇರುವುದು ಕೇರಳದಲ್ಲಿ, ನೀರು ಹರಿಯುವುದು ತಮಿಳುನಾಡಿಗೆ. ಆ ನೀರಿನಲ್ಲಿ ಬತ್ತವನ್ನೂ ದ್ರಾಕ್ಷಿಯನ್ನೂ ಬೆಳೆಯುವ ರೈತರಲ್ಲಿ ಕೆಲವರ ಮನೆಮಾತು ಕನ್ನಡ. ಮಲೆಯಾಳದ ನೆಲದ ನೀರು, ತಮಿಳಿನ ಆಡಳಿತ, ಕನ್ನಡದ ಅಡುಗೆಮನೆ. ಪೆನ್ನಿಕ್ವಿಕ್‌ನ ಪಟಕ್ಕೆ ಪೊಂಗಲ್ ದಿನ ಹೂಮಾಲೆ ಹಾಕುವ ಈ ಜನರಿಗೆ ಯಾವ ನಾಡಿನವರು ನೀವು ಎಂಬ ಪ್ರಶ್ನೆಯೇ ಕೃತಕವಾಗಿ ತೋರಿದರೆ ಆಶ್ಚರ್ಯವಿಲ್ಲ.

ಇನ್ನು ಆ ಕಾಲದ ಸಾಮಾಜಿಕ ಬದಲಾವಣೆ. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಹಳ್ಳಿಹಳ್ಳಿಗೂ ಶಾಲೆ ಬಂತು, ಶಾಲೆಯಲ್ಲಿ ಮಧ್ಯಾಹ್ನದ ಊಟ ಬಂತು. ದನ ಕಾಯಲು ಹೋಗುತ್ತಿದ್ದ ಮಕ್ಕಳು ಹಲಗೆ ಬಳಪ ಹಿಡಿದರು. ತಮಿಳನ್ನು ಆಡಳಿತ ಭಾಷೆಯಾಗಿಸುವ ಕಾನೂನನ್ನು ಮದರಾಸು ಶಾಸನಸಭೆ 1956ರಲ್ಲಿಯೇ ಅಂಗೀಕರಿಸಿತು. ಒಂದು ಬಡ ಕನ್ನಡದ ಮನೆಯ ಮಗುವಿನ ದೃಷ್ಟಿಯಿಂದ ಇದನ್ನು ನೋಡಿರಿ. ಅನ್ನ, ಅಕ್ಷರ, ಅರ್ಜಿ, ಉದ್ಯೋಗ ಎಲ್ಲವೂ ಒಟ್ಟಿಗೆ ಬಂದವು ಮತ್ತು ಎಲ್ಲವೂ ತಮಿಳಿನಲ್ಲಿ ಬಂದವು. ಇದನ್ನು ಕನ್ನಡದ ಮೇಲಿನ ದಬ್ಬಾಳಿಕೆ ಎನ್ನುವುದು ಸುಳ್ಳು. ಹಸಿವಿನಿಂದ ಮಗುವನ್ನು ಎತ್ತಿದ ಕೈಯೇ ಅದನ್ನು ಅಜ್ಜಿಯ ಮಾತಿನಿಂದ ಸ್ವಲ್ಪ ದೂರಕ್ಕೆ ಸರಿಸಿತು. ಒಳ್ಳೆಯದೂ ನಷ್ಟವೂ ಒಂದೇ ಬಾಗಿಲಿನಿಂದ ಬರುತ್ತವೆ ಎಂಬುದನ್ನು ಒಪ್ಪದವರು ಚರಿತ್ರೆಯಲ್ಲಿ ಖಳನಾಯಕರನ್ನು ಹುಡುಕುತ್ತಾ ಕಾಲ ಕಳೆಯುತ್ತಾರೆ.

ಹಾಗಾದರೆ ಸಂವಿಧಾನ ಇಂಥವರನ್ನು ಮರೆತಿತ್ತೇ? ಇಲ್ಲ. ರಾಜ್ಯಗಳ ಪುನರ್ವಿಂಗಡಣೆಯೊಡನೆ ಬಂದ ಏಳನೆಯ ತಿದ್ದುಪಡಿ 350ಎ ಮತ್ತು 350ಬಿ ಎಂಬ ಎರಡು ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಅನುಕೂಲ ಒದಗಿಸಲು ರಾಜ್ಯ ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಅವರ ಹಿತವನ್ನು ಪರಿಶೀಲಿಸಲು ವಿಶೇಷಾಧಿಕಾರಿಯೊಬ್ಬರು ಇರಬೇಕೆಂದು ಎರಡನೆಯದು ಹೇಳುತ್ತದೆ. ಶಾಲೆಯಲ್ಲಿ ನಲವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂಬ ಸೂತ್ರ ಶಿಕ್ಷಣ ಮಂತ್ರಿಗಳ 1949ರ ಸಮ್ಮೇಳನದಿಂದಲೇ ಇತ್ತು. ಗೆರೆ ಎಳೆದವರೇ ಗೆರೆಯ ಹೊರಗುಳಿದವರಿಗೆ ಔಷಧಿಯನ್ನೂ ಬರೆದುಕೊಟ್ಟಿದ್ದರು.

ಆದರೆ ಈ ಔಷಧಿಯನ್ನು ಪಡೆಯಬೇಕಾದರೆ ಕೇಳಿ ಪಡೆಯಬೇಕು. ಕೇಳಬೇಕಾದರೆ ತಾನೊಂದು ಭಾಷೆಯ ಒಡೆಯನೆಂಬ ಅರಿವಿರಬೇಕು. ಕಣಿವೆಯ ಕನ್ನಡಕ್ಕೆ ಅಕ್ಷರದ ಬಳಕೆ ಇಲ್ಲ. ಅದು ಮನೆಯ, ಹೊಲದ, ಹಟ್ಟಿಯ ಮಾತು. ಅದನ್ನಾಡುವವರು ತಾವು ಬರೆಯುವ ತಮಿಳನ್ನು ಭಾಷೆಯೆಂದೂ ತಾವು ಆಡುವ ಕನ್ನಡವನ್ನು ಬರಿಯ ಮಾತೆಂದೂ ಭಾವಿಸಿದರೆ ಜನಗಣತಿಯ ಹಾಳೆಯಲ್ಲಿಯೂ ಹಾಗೆಯೇ ಬರೆಸುತ್ತಾರೆ. ಹಾಳೆಯಲ್ಲಿ ಇಲ್ಲದ ಭಾಷೆಗೆ ನಲವತ್ತು ಮಕ್ಕಳು ಎಲ್ಲಿಂದ ಬರಬೇಕು? ತಮಿಳುನಾಡು 2006ರಲ್ಲಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಕಾನೂನನ್ನು ತಂದಾಗ ಕನ್ನಡ, ತೆಲುಗು, ಉರ್ದು ಶಾಲೆಗಳಿದ್ದ ಕಡೆಗಳಿಂದ ಆಕ್ಷೇಪ ಬಂತು. ಶಾಲೆಯೇ ಇಲ್ಲದ ಕನ್ನಡಕ್ಕೆ ಆಕ್ಷೇಪಿಸಲು ಏನೂ ಇರಲಿಲ್ಲ.

ಇದೇ ಹೊತ್ತಿನ ಇನ್ನೊಂದು ದೇಶದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಯುರೋಪಿನ ಆಸ್ಟ್ರಿಯಕ್ಕೆ 1955 ಒಂದು ದೊಡ್ಡ ವರ್ಷ. ಎರಡನೆಯ ಮಹಾಯುದ್ಧದ ನಂತರ ನಾಲ್ಕು ರಾಷ್ಟ್ರಗಳ ಸೈನ್ಯಗಳ ಕೈಯಲ್ಲಿದ್ದ ಆ ದೇಶ ಮೇ 15ರಂದು ವಿಯೆನ್ನಾದಲ್ಲಿ ಸಹಿಯಾದ ಒಪ್ಪಂದದಿಂದ ಮತ್ತೆ ಸ್ವತಂತ್ರವಾಯಿತು. ಅಕ್ಟೋಬರ್ ವೇಳೆಗೆ ಸೈನ್ಯಗಳು ಹಿಂದೆ ಸರಿದವು. ಅಕ್ಟೋಬರ್ 26ರಂದು ಸಂಸತ್ತು ದೇಶದ ತಟಸ್ಥ ನೀತಿಯನ್ನು ಕಾನೂನಾಗಿಸಿತು. ಆ ಒಪ್ಪಂದದ ಏಳನೆಯ ವಿಧಿ ಅಲ್ಲಿನ ಸ್ಲೊವೀನ್ ಮತ್ತು ಕ್ರೊವೇಷಿಯನ್ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ, ಆಡಳಿತದಲ್ಲಿ ಅವರ ಭಾಷೆಗೆ ಸ್ಥಾನ, ಎರಡೂ ಭಾಷೆಗಳಲ್ಲಿ ಊರ ಹೆಸರಿನ ಫಲಕ ಎಂಬ ಹಕ್ಕುಗಳನ್ನು ಕೊಟ್ಟಿತು. ನಮ್ಮ 350ಎ ವಿಧಿಗಿಂತ ಒಂದು ವರ್ಷ ಹಿರಿಯದು.

ಬುರ್ಗೆನ್‌ಲಾಂಡ್ ಪ್ರಾಂತದ ಕ್ರೊವೇಷಿಯನ್ನರ ಕಥೆಯಂತೂ ಕಂಬಂ ಕಣಿವೆಯವರ ಕಥೆಗೆ ಬಹಳ ಹತ್ತಿರ. ಹದಿನಾರನೆಯ ಶತಮಾನದಲ್ಲಿ ತುರ್ಕರೊಡನೆ ನಡೆದ ಯುದ್ಧಗಳ ಕಾಲದಲ್ಲಿ ತಾಯ್ನಾಡು ಬಿಟ್ಟು ಬಂದು ಹಾಳುಬಿದ್ದ ಹೊಲಗಳಲ್ಲಿ ಬೇಸಾಯಕ್ಕೆ ನಿಂತವರು ಅವರು. 1921ರಲ್ಲಿ ಗೆರೆ ಬದಲಾದಾಗ ಹಂಗೇರಿಯ ಪ್ರಜೆಗಳಾಗಿದ್ದವರಲ್ಲಿ ಹೆಚ್ಚಿನವರು ಆಸ್ಟ್ರಿಯದ ಪ್ರಜೆಗಳಾದರು. ತಾಯ್ನಾಡಿಗೆ ಸೇರುವ ಪ್ರಶ್ನೆ ಅವರಿಗೂ ಇರಲಿಲ್ಲ. ಆದರೆ ಅವರು ಒಂದು ಕೆಲಸ ಮಾಡಿದರು. ತಮ್ಮ ಹಳೆಯ ಆಡುಮಾತನ್ನೇ ಆಧಾರವಾಗಿಟ್ಟುಕೊಂಡು ಬರೆವಣಿಗೆಯ ರೂಪವೊಂದನ್ನು ಬೆಳೆಸಿಕೊಂಡರು, ಪತ್ರಿಕೆ ನಡೆಸಿದರು. ತಾಯ್ನಾಡಿನ ಶಿಷ್ಟಭಾಷೆಯನ್ನು ಎರವಲು ತಂದುಕೊಂಡು ತಮ್ಮದನ್ನು ಕೀಳೆಂದು ಬಿಡಲಿಲ್ಲ.

ಅಲ್ಲಿಯೂ ಕಾನೂನಿನ ಒಂದು ವಾಕ್ಯ ಬೀದಿಗೆ ಇಳಿಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಗಮನಿಸಿರಿ. ಬುರ್ಗೆನ್‌ಲಾಂಡಿನಲ್ಲಿ ಕ್ರೊವೇಷಿಯನ್ ಆಡಳಿತ ಭಾಷೆಯೆಂದು ಸಂವಿಧಾನ ನ್ಯಾಯಾಲಯ ಹೇಳಿದ್ದು 1987ರಲ್ಲಿ, ಎರಡು ಭಾಷೆಯ ಊರಫಲಕಗಳು ನಿಂತದ್ದು 2000ದಲ್ಲಿ. ಕ್ಯಾರಿಂಥಿಯ ಪ್ರಾಂತದಲ್ಲಿ 1972ರಲ್ಲಿ ಹಾಕಿದ ಸ್ಲೊವೀನ್ ಫಲಕಗಳನ್ನು ಜನರ ಗುಂಪುಗಳು ಕಿತ್ತೆಸೆದವು. ಮುಂದೆ ಸ್ಲೊವೀನ್ ವಕೀಲರೊಬ್ಬರು ಬೇಕೆಂದೇ ಊರೊಳಗೆ ವೇಗವಾಗಿ ಕಾರು ಓಡಿಸಿ ದಂಡ ಹಾಕಿಸಿಕೊಂಡರು. ಊರಿನ ಫಲಕ ಜರ್ಮನ್ ಭಾಷೆಯೊಂದರಲ್ಲೇ ಇರುವುದರಿಂದ ಅದು ಸಿಂಧುವಲ್ಲವೆಂದು ವಾದಿಸಿ ಮೊಕದ್ದಮೆಯನ್ನು ಸಂವಿಧಾನ ನ್ಯಾಯಾಲಯದವರೆಗೆ ಒಯ್ದರು. 2001ರಲ್ಲಿ ತೀರ್ಪು ಬಂತು. ರಾಜಿಯಾಗಿ ವಿವಾದ ತಣ್ಣಗಾದದ್ದು 2011ರಲ್ಲಿ. ಕಾನೂನು ತಾನಾಗಿ ನಡೆದು ಬರುವುದಿಲ್ಲ, ಯಾರಾದರೂ ಅದರ ಕೈಹಿಡಿದು ಕರೆತರಬೇಕು. ಕಂಬಂ ಕಣಿವೆಯ ಕನ್ನಡಕ್ಕೆ ಕೈಹಿಡಿಯುವವರು ಇರಲಿಲ್ಲ. ಅಲ್ಲಿನವರಿಗೆ ಅದು ಬೇಕೆನಿಸಲಿಲ್ಲ; ಇಲ್ಲಿನ ನಮಗೆ ಅದು ಇದೆಯೆಂದೇ ತಿಳಿದಿರಲಿಲ್ಲ.

'ಅವರಿಗೇ ಬೇಡವಾದದ್ದು ನಿಮಗೇಕೆ?' ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಲ್ಲಿ ಕನ್ನಡ ಶಾಲೆ ತೆರೆಯಬೇಕೆಂದು ನಾನು ವಾದಿಸುತ್ತಿಲ್ಲ. ಬೆಂಗಳೂರಿನಲ್ಲಿ ಅಚ್ಚಾದ ಪಠ್ಯಪುಸ್ತಕ ಆ ಮಗುವಿಗೆ ಅಜ್ಜಿಯ ಮಾತಾಗಿ ಕೇಳಿಸುವುದಿಲ್ಲ. ಇನ್ನೊಂದು ಪರಭಾಷೆಯಾಗಿಯೇ ಕೇಳಿಸುತ್ತದೆ. ಅವರು ತಮಿಳಿನಲ್ಲಿ ಓದಿ ಬಾಳುತ್ತಿರುವುದು ದುರಂತವೂ ಅಲ್ಲ. ನಾವು ಹೋಗಿ 'ನೀವು ನಮ್ಮವರು' ಎಂದು ಶಾಲು ಹೊದಿಸಿ ಬರುವುದು ಅವರಿಗೂ ಉಪಯೋಗವಿಲ್ಲ, ನಮಗೂ ಶೋಭೆಯಲ್ಲ. ನನ್ನ ತಕರಾರು ಇರುವುದು ನಮ್ಮ ಮೇಲೆ, ಕನ್ನಡ ವಿಭಾಗಗಳ ಮೇಲೆ. ರಾಜ್ಯದ ನಕಾಶೆಯನ್ನು ನಾವು ಭಾಷೆಯ ನಕಾಶೆಯೆಂದು ತಿಳಿದುಬಿಟ್ಟಿದ್ದೇವೆ. ಉಪಭಾಷೆಗಳೆಂದರೆ ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ ಎಂದು ನಾಲ್ಕು ಹೆಸರು ಬರೆಸಿ ಅಂಕ ಕೊಡುತ್ತೇವೆ. 1956ರ ಗೆರೆ ನಮ್ಮ ಭಾಷಾವಿಜ್ಞಾನದ ಪತ್ರಿಕೆಯೊಳಕ್ಕೂ ಬಂದು ಕುಳಿತಿದೆ.

ಇದರಲ್ಲಿ ನನ್ನ ತಪ್ಪೂ ಇದೆ. ಗಡಿಯಾಚೆಯ ಊರಿನಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಉತ್ತರಪತ್ರಿಕೆಯಲ್ಲಿ ತನ್ನ ಮನೆಮಾತಿನ ಒಂದು ಕ್ರಿಯಾರೂಪವನ್ನು ಬರೆದಿದ್ದಳು. ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ 'ಅಶುದ್ಧ' ಎಂದು ಬರೆದೆ. ಮರಾಠಿ ಮತ್ತು ಕನ್ನಡ ಎರಡರಲ್ಲೂ ಓದಿ ಬೆಳೆದ ನನಗೆ ಈ ಕೆಂಪು ಶಾಯಿಯ ನೋವು ಗೊತ್ತಿರಬೇಕಾಗಿತ್ತು. ಕನ್ನಡದ ಮೇಷ್ಟ್ರು ನನ್ನ ಮಾತಿನಲ್ಲಿ ಮರಾಠಿಯನ್ನೂ ಮರಾಠಿಯ ಗುರೂಜಿ ಕನ್ನಡವನ್ನೂ ಹೆಕ್ಕಿ ತೆಗೆಯುತ್ತಿದ್ದರು. ಆ ಹುಡುಗಿ ಏನೂ ಹೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಠ್ಯದ ಭಾಷೆಯಲ್ಲಿಯೇ ಬರೆದಳು, ಒಳ್ಳೆಯ ಅಂಕ ಪಡೆದಳು. ಆ ರೂಪ ಏನೆಂದು ಈಗ ನೆನಪಿಸಿಕೊಳ್ಳಲು ಯತ್ನಿಸುತ್ತೇನೆ, ನೆನಪಾಗುವುದಿಲ್ಲ. ಒಂದು ರೂಪ ಭಾಷೆಯಿಂದ ಕಳೆದುಹೋಗುವುದು ಹೀಗೆಯೇ. ಅದಕ್ಕೆ ಶತ್ರು ಬೇಕಿಲ್ಲ. ಸದುದ್ದೇಶದ ಮೇಷ್ಟ್ರೊಬ್ಬ ಸಾಕು.

ಆದ್ದರಿಂದ ನನ್ನ ಸಲಹೆಗಳು ಸಣ್ಣವು. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ವಿಷಯ ಹುಡುಕುವಾಗ ಪ್ರಸಿದ್ಧ ಕಾದಂಬರಿಯ ಮೇಲೆ ನೂರೊಂದನೆಯ ಪ್ರಬಂಧವನ್ನು ಬರೆಯುವ ಬದಲು ಇಬ್ಬರಾದರೂ ಗೆರೆಯಾಚೆಯ ಒಂದು ಊರಿನ ಕನ್ನಡವನ್ನು ಆರಿಸಿಕೊಳ್ಳಿರಿ. ಪುಣೆಯ ಡೆಕ್ಕನ್ ಕಾಲೇಜಿನವರು ಪ್ರಕಟಿಸಿದ ನಂಜನಗೂಡು ಕನ್ನಡ, ಗುಲ್ಬರ್ಗ ಕನ್ನಡ, ಹಾಲಕ್ಕಿ ಕನ್ನಡ ಮೊದಲಾದ ಅಧ್ಯಯನಗಳು ದಾರಿ ತೋರಿಸುತ್ತವೆ. ಕನ್ನಡದ ಆಡುಮಾತುಗಳ ವಿವರಣೆ ಮರಾಠಿ ನಾಡಿನ ಸಂಸ್ಥೆಯಿಂದ ಬಂತೆಂಬುದನ್ನೂ ನೆನಪಿಡಿರಿ. ಬಂಧುವಾಚಕಗಳು, ಎಣಿಕೆಯ ಪದಗಳು, ಬೇಸಾಯದ ಪದಗಳು, ಹತ್ತು ಕ್ರಿಯಾಪದಗಳ ಭೂತ-ಭವಿಷ್ಯತ್ ರೂಪಗಳು, ಒಂದು ಜೋಗುಳ, ಒಂದು ಬೈಗುಳ: ಇಷ್ಟನ್ನು ಒಬ್ಬ ಅಜ್ಜಿಯ ಬಾಯಿಂದ ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡರೆ ಅದು ದಾಖಲೆಯಾಗುತ್ತದೆ. ನಿಮ್ಮ ಜೇಬಿನ ಮೊಬೈಲ್ ಸಾಕು. ಆ ಮುದ್ರಿಕೆಯ ಒಂದು ಪ್ರತಿಯನ್ನು ಅವರ ಮೊಮ್ಮಗನ ಕೈಗೂ ಕೊಟ್ಟು ಬನ್ನಿರಿ. ಎಂದೋ ಒಂದು ದಿನ ಕೇಳಬೇಕೆನಿಸಿದರೆ ಅದು ಅವನ ಬಳಿಯೂ ಇರಲಿ.

ಎರಡನೆಯದು, ಮಾತಿನ ಎಚ್ಚರ. ಬೆರಕೆ, ಅಪಭ್ರಷ್ಟ, ಅಶುದ್ಧ ಎಂಬ ಪದಗಳನ್ನು ಪರಭಾಷೆಗಳ ನಡುವೆ ಉಳಿದುಬಂದ ಕನ್ನಡಕ್ಕೆ ಬಳಸುವ ಮೊದಲು ಎರಡು ಸಲ ಯೋಚಿಸಿರಿ. ನೂರಾರು ವರ್ಷ ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಸರ್ಕಾರವಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತಿನಲ್ಲಿ ತಮಿಳು ಬೆರೆತಿದೆಯಲ್ಲಾ ಎನ್ನುವುದಕ್ಕಿಂತ ಕನ್ನಡ ಇನ್ನೂ ಉಳಿದಿದೆಯಲ್ಲಾ ಎಂದು ಬೆರಗಾಗುವುದು ನ್ಯಾಯ.

ಮೂರನೆಯ ಮಾತು ಕೆಲವರಿಗೆ ಕಹಿಯಾಗಬಹುದು. ಕಂಬಂನ ಕನ್ನಡಕ್ಕಾಗಿ 350ಎ ವಿಧಿಯನ್ನು ನೆನೆಯುವವರು ಬೆಳಗಾವಿಯ ಮರಾಠಿ ಮಗುವಿಗೂ ಕೋಲಾರದ ತೆಲುಗು ಮಗುವಿಗೂ ಬೆಂಗಳೂರಿನ ತಮಿಳು ಮಗುವಿಗೂ ಅದೇ ವಿಧಿ ಅನ್ವಯಿಸುತ್ತದೆಂಬುದನ್ನು ಒಪ್ಪಬೇಕು. ನಮ್ಮ ಮನೆಯಲ್ಲಿ ಅಲ್ಪಸಂಖ್ಯಾತರ ಭಾಷೆಯನ್ನು ಬೇಡದ ಗದ್ದಲವೆನ್ನುತ್ತಾ ಪಕ್ಕದ ಮನೆಯಲ್ಲಿರುವ ಕನ್ನಡಕ್ಕೆ ಗೌರವ ಕೇಳಿದರೆ ಆ ಕೇಳಿಕೆಗೆ ಬೆಲೆಯಿಲ್ಲ. ಕನ್ನಡವನ್ನು ರಾಜ್ಯದ ಭಾಷೆಯಾಗಿ ಪ್ರೀತಿಸುವುದು ಸುಲಭ. ಎಲ್ಲೋ ಒಂದು ಕಣಿವೆಯಲ್ಲಿ ಅಲ್ಪಸಂಖ್ಯಾತ ಭಾಷೆಯಾಗಿರುವ ಕನ್ನಡವನ್ನು ಪ್ರೀತಿಸಿದವರಿಗೆ ಮಾತ್ರ ಉಳಿದ ಅಲ್ಪಸಂಖ್ಯಾತ ಭಾಷೆಗಳ ಸಂಕಟ ತಿಳಿಯುತ್ತದೆ.

ಬರುವ ನವೆಂಬರ್ 1ರಂದು ವಿಭಾಗದಲ್ಲಿ ಎಂದಿನಂತೆ ಕಾರ್ಯಕ್ರಮ ನಡೆಯುತ್ತದೆ, ನಾಡಗೀತೆ ಹಾಡುತ್ತೇವೆ. ಅಂದು ಐದು ಹೋಳುಗಳು ಒಂದಾದ ಕಥೆಯ ಜೊತೆಗೆ ಆರನೆಯ ಹೋಳೊಂದಿತ್ತೆಂಬುದನ್ನು ಯಾರಾದರೊಬ್ಬ ವಿದ್ಯಾರ್ಥಿ ಎದ್ದು ಹೇಳಲಿ. ಆ ಹೋಳು ನಕಾಶೆಯಲ್ಲಿ ಕಾಣುವುದಿಲ್ಲ. ಅದು ದನದ ದೊಡ್ಡಿಯಲ್ಲಿದೆ, ದ್ರಾಕ್ಷಿಯ ಚಪ್ಪರದಡಿ ಇದೆ, ಜಗುಲಿಯ ಮೇಲೆ ಕುಳಿತು ಮೊಮ್ಮಗನನ್ನು ಗದರಿಸುತ್ತಿದೆ. ಮೊಮ್ಮಗ ತಮಿಳಿನಲ್ಲಿ ಉತ್ತರಿಸುತ್ತಿದ್ದಾನೆ. ಆದರೆ ಅಜ್ಜಿ ಹೇಳಿದ್ದು ಅವನಿಗೆ ಇನ್ನೂ ಅರ್ಥವಾಗುತ್ತಿದೆ. ಅರ್ಥವಾಗುತ್ತಿರುವಷ್ಟು ಕಾಲ ನಮಗೂ ಅವಕಾಶವಿದೆ. ಅದು ಬಹಳ ಕಾಲವಲ್ಲ.